ಹಿಮ್ಮಡಿ ನೋವಿಗೆ ಶಾಕ್‌ವೇವ್: ಎಷ್ಟು ಸಿಟ್ಟಿಂಗ್, ಎಷ್ಟು ಶಾಟ್, ಯಾವಾಗ ಬೇಡ?

ದಾವಣಗೆರೆ_ಮಲ್ಲಿಗೆ

ಅಮ್ಮನಿಗೆ 54 ವರ್ಷ, ಹೈಸ್ಕೂಲ್ ಟೀಚರ್, ದಿನಕ್ಕೆ ಐದಾರು ಪೀರಿಯಡ್ ನಿಂತೇ ಪಾಠ. ಎಡ ಹಿಮ್ಮಡಿ ನೋವು ಶುರುವಾಗಿ 9 ತಿಂಗಳು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಹತ್ತು ಹೆಜ್ಜೆ ನಡೆದರೆ ಸ್ವಲ್ಪ ಸಡಿಲ, ಸಂಜೆ ಶಾಲೆಯಿಂದ ಬರುವಾಗ ಮತ್ತೆ ಕುಂಟು. ಎಕ್ಸ್‌ರೇ ನೋಡಿ ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ ಅಂದರು. ಎಂಸಿಆರ್ ಚಪ್ಪಲಿ (ಮೆತ್ತನೆ ರಬ್ಬರಿನದು), ನೋವಿನ ಮಾತ್ರೆ, ಬಿಸಿನೀರು ಎಲ್ಲ ಆಯಿತು. 20 ದಿನದ ಹಿಂದೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದೆವು. ಎರಡು ವಾರ ಆರಾಮಿತ್ತು, ಈಗ ನೋವು ಮರಳಿದೆ. ಶುಗರ್ ಇದೆ, ಮಾತ್ರೆ ತಗೊಳ್ತಾರೆ.

ಒಂದು ಸೆಂಟರ್‌ನವರು ಶಾಕ್‌ವೇವ್ (ಹೊರಗಿನಿಂದ ಒತ್ತಡದ ಅಲೆ ಹೊಡೆಯುವ ಚಿಕಿತ್ಸೆ) 10 ಸಿಟ್ಟಿಂಗ್ ಬೇಕು, ದಿನ ಬಿಟ್ಟು ದಿನ ಬನ್ನಿ, ಮರಗಟ್ಟಿಸಿ ಮಾಡುತ್ತೇವೆ, ಬೆಳೆದ ಮೂಳೆ ಪುಡಿಯಾಗುತ್ತದೆ ಅಂತಿದ್ದಾರೆ. ಸೋಮವಾರದಿಂದಲೇ ಶುರುವಂತೆ. ಇದು ಸರಿಯಾ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಫಿಸಿಯೋ_ಧಾರವಾಡ

ಸೋಮವಾರದ ಸಿಟ್ಟಿಂಗ್ ಮುಂದಕ್ಕೆ ಹಾಕಿಸಿ. ಸ್ಟೀರಾಯ್ಡ್ ಚುಚ್ಚಿಸಿದ ಮೇಲೆ ಅದೇ ಜಾಗಕ್ಕೆ ಕನಿಷ್ಠ 6 ವಾರ ಶಾಕ್‌ವೇವ್ ಕೊಡಬಾರದು. ಸ್ಟೀರಾಯ್ಡ್ ಅಂಗಾಲಿನ ನಾರಿನ ಪಟ್ಟಿಯನ್ನು ಕೆಲವು ವಾರ ದುರ್ಬಲ ಮಾಡಿರುತ್ತದೆ, ಅದರ ಮೇಲೆ ಹೊಡೆದರೆ ಹರಿಯುವ ಅಪಾಯ. ನಿಮ್ಮ ಲೆಕ್ಕಕ್ಕೆ ಇನ್ನೂ ಮೂರು ವಾರ ಬಾಕಿ.

ಮೂಳೆ ಪುಡಿಯಾಗುವ ಮಾತು ತಪ್ಪು. ಈ ತಂತ್ರ ಹುಟ್ಟಿದ್ದು ಕಿಡ್ನಿ ಕಲ್ಲು ಒಡೆಯಲು, 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ. ಹೆಸರಿನ ಜೊತೆ ಆ ಕಲ್ಪನೆಯೂ ಉಳಿದುಬಿಟ್ಟಿದೆ. ಹಿಮ್ಮಡಿಗೆ ಕೊಡುವ ಶಕ್ತಿಗೆ ಮೂಳೆ ಒಡೆಯುವುದಿಲ್ಲ, ಒಡೆಯುವ ಅಗತ್ಯವೂ ಇಲ್ಲ. ಆ ಮುಳ್ಳಿನಂಥ ಮೂಳೆ ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಕಾಣುತ್ತದೆ, ನೋವು ಪೂರ್ತಿ ಹೋದವರಲ್ಲೂ ಹಾಗೇ ಉಳಿದಿರುತ್ತದೆ. ನೋವಿರುವುದು ಹಿಮ್ಮಡಿ ಮೂಳೆಯಿಂದ ಬೆರಳಿನ ಬುಡದವರೆಗೆ ಹಗ್ಗದ ಹಾಗೆ ಬಿಗಿದಿರುವ ನಾರಿನ ಪಟ್ಟಿಯಲ್ಲಿ, ಅಂದರೆ ಪ್ಲಾಂಟರ್ ಫ್ಯಾಸಿಯಾದಲ್ಲಿ. ತಿಂಗಳುಗಟ್ಟಲೆ ಉಳಿದ ನೋವಿನಲ್ಲಿ ಅದು ಉರಿಯೂತಕ್ಕಿಂತ ಹೆಚ್ಚಾಗಿ ಸವೆದು ದಪ್ಪಗಾಗಿರುತ್ತದೆ. ಶಾಕ್‌ವೇವ್ ಆ ಜಾಗದ ನೋವಿನ ನರತುದಿಗಳನ್ನು ಮಂದ ಮಾಡಿ, ನಿಂತುಹೋದ ರಿಪೇರಿಯನ್ನು ಮತ್ತೆ ಕೆರಳಿಸುತ್ತದೆ. ರಿಪೇರಿಗೆ ವಾರಗಳು ಬೇಕು, ಆದ್ದರಿಂದಲೇ ದಿನ ಬಿಟ್ಟು ದಿನ ಹೊಡೆಯುವುದರಲ್ಲಿ ಅರ್ಥವಿಲ್ಲ. ಸಾಮಾನ್ಯ ಕ್ರಮ 3 ಸಿಟ್ಟಿಂಗ್, ವಾರಕ್ಕೊಂದು ಅಥವಾ ಎರಡು ವಾರಕ್ಕೊಂದು. ಹೆಚ್ಚೆಂದರೆ 5.

ಮರಗಟ್ಟಿಸುವುದಂತೂ ಬೇಡವೇ ಬೇಡ. ಲೋಕಲ್ ಅನಸ್ತೇಶಿಯಾ ಕೊಟ್ಟು ಮಾಡಿದಾಗ ಫಲ ಕಡಿಮೆ ಎಂದು ಹೋಲಿಕೆ ಅಧ್ಯಯನಗಳಲ್ಲೇ ಕಂಡಿದೆ. ಸರಿಯಾದ ಸಿಟ್ಟಿಂಗ್ ಹೀಗಿರುತ್ತದೆ: ಅಮ್ಮ ಬೋರಲು ಮಲಗಬೇಕು, ಪಾದ ಮಂಚದ ಅಂಚಿನಿಂದ ಹೊರಗೆ. ಹಿಮ್ಮಡಿಯ ಒಳಮಗ್ಗುಲಲ್ಲಿ, ಪಾದದ ಕಮಾನು ಶುರುವಾಗುವ ಕಡೆ ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಒಂದು ಬಿಂದುವಿನಲ್ಲಿ ಕಾಲು ಎಳೆದುಕೊಳ್ಳುತ್ತಾರೆ. ಅಲ್ಲಿ ಪೆನ್ನಿನ ಗುರುತು. ಅದರ ಮೇಲೆ ಧಾರಾಳವಾಗಿ ಜೆಲ್, ನಡುವೆ ಗಾಳಿಗುಳ್ಳೆ ಉಳಿದರೆ ಅಲೆ ಚರ್ಮ ದಾಟುವುದಿಲ್ಲ. ರೇಡಿಯಲ್ ಮೆಷಿನ್ನಾದರೆ (ಅಲೆ ಹರಡುತ್ತಾ ಹೋಗುವ ಬಗೆ, ಗಾಳಿಯ ಒತ್ತಡದ ಲೆಕ್ಕ ಬಾರ್) 1.5–2 ಬಾರ್‌ನಿಂದ ಶುರು ಮಾಡಿ, ಮೊದಲ 300–500 ಶಾಟ್‌ಗಳಲ್ಲಿ ಮೆಲ್ಲಗೆ 3–4 ಬಾರ್‌ಗೆ ಏರಿಸಬೇಕು. ವೇಗ 8–10 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಶಾಟ್), ಒಟ್ಟು 2000 ಶಾಟ್, ಐದು ನಿಮಿಷದ ಆಸುಪಾಸು. ನಡುನಡುವೆ ಗನ್ (ಅಲೆ ಹೊಡೆಯುವ ಹಿಡಿಕೆ) ಕೂದಲೆಳೆಯಷ್ಟು ಓರೆ ಮಾಡಿ "ಇಲ್ಲೇನಾ? ಇನ್ನೂ ಒಳಕ್ಕಾ?" ಎಂದು ಕೇಳುತ್ತಿರಬೇಕು. ಅವರ "ಹಾಂ, ಅದೇ" ಅನ್ನುವುದೇ ದಾರಿ ತೋರಿಸುವುದು. ನೋವು 10ಕ್ಕೆ 6–7ರ ಒಳಗಿರಲಿ. ಮರಗಟ್ಟಿಸಿದರೆ ಈ ದಾರಿಯೇ ಮುಚ್ಚಿಹೋಗುತ್ತದೆ.

ಮೂಳೆಕೀಲು

ಮೇಲಿನದನ್ನೆಲ್ಲ ಒಪ್ಪುತ್ತೇನೆ. ಆದರೆ ಮೆಷಿನ್ ಹತ್ತಿರ ಹೋಗುವ ಮೊದಲು ಇದು ಪ್ಲಾಂಟರ್ ಫ್ಯಾಸೈಟಿಸ್ಸೇ (ಆ ನಾರಿನ ಪಟ್ಟಿಯ ನೋವೇ) ಎಂದು ಖಚಿತ ಮಾಡಿಕೊಳ್ಳಿ. ಮೊದಲ ಹೆಜ್ಜೆಯ ನೋವು ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೂ ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಹಿಂಡಿದಾಗ ಜೋರು ನೋವಾದರೆ ಮೂಳೆಯಲ್ಲಿ ಕೂದಲು ಬಿರುಕಿರಬಹುದು. ಹಿಮ್ಮಡಿಯ ನಟ್ಟನಡುವೆ ನೋವು, ಬರಿಗಾಲಲ್ಲಿ ಗ್ರಾನೈಟ್ ನೆಲದ ಮೇಲೆ ನಡೆದಾಗಲೇ ಹೆಚ್ಚು ಅಂದರೆ ಅದು ಕೊಬ್ಬಿನ ಮೆತ್ತೆ ತೆಳುವಾದದ್ದು. ಪದೇಪದೇ ಸ್ಟೀರಾಯ್ಡ್ ಚುಚ್ಚಿಸಿದರೂ ಹಾಗಾಗುತ್ತದೆ, ಅದಕ್ಕೆ ಶಾಕ್‌ವೇವ್ ಅಲ್ಲ, ಹೀಲ್ ಕಪ್ (ಚಪ್ಪಲಿಯೊಳಗೆ ಹಿಮ್ಮಡಿಗೆ ಇಡುವ ಮೆತ್ತನೆ ಬಟ್ಟಲು) ಬೇಕು. ಉರಿ, ಜೋಮು, ರಾತ್ರಿ ಮಲಗಿದಾಗಲೂ ನೋವು ಇದ್ದರೆ ನರ ಒತ್ತಿರುವ ಅನುಮಾನ. ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಿಗ್ಗೆ ಅರ್ಧ ಗಂಟೆ ಮೀರಿ ಬೆನ್ನು ಬಿಗಿತ ಇರುವ ಎಳೆ ವಯಸ್ಸಿನವರು ರುಮಟಾಲಜಿಸ್ಟ್ (ಕೀಲುವಾತದ ಡಾಕ್ಟರ್) ಹತ್ತಿರ ಹೋಗಬೇಕು. ಅಲ್ಟ್ರಾಸೌಂಡ್‌ನಲ್ಲಿ ಪಟ್ಟಿ 4 ಮಿ.ಮೀ. ಮೀರಿ ದಪ್ಪ ಕಂಡರೆ ರೋಗನಿರ್ಣಯ ಗಟ್ಟಿ.

ಇಂಜೆಕ್ಷನ್ ಆದ ಮೇಲೆ ಯಾವಾಗಲಾದರೂ 'ಟಪ್' ಅಂದ ಹಾಗಾಗಿ, ಅಂಗಾಲಿನಲ್ಲಿ ರಕ್ತ ಕಂದಿದ್ದಿದೆಯಾ? ಹಾಗಿದ್ದರೆ ಪಟ್ಟಿ ಹರಿದಿರಬಹುದು, ಸ್ಕ್ಯಾನ್ ಇಲ್ಲದೆ ಮುಂದುವರಿಯಬೇಡಿ.

ಶುಗರ್ ಇದ್ದ ಮಾತ್ರಕ್ಕೆ ಶಾಕ್‌ವೇವ್ ನಿಷೇಧವಿಲ್ಲ. ಆದರೆ ಅಂಗಾಲಿನ ಸ್ಪರ್ಶ ಕಡಿಮೆಯಾಗಿದ್ದರೆ "ಇಲ್ಲೇನಾ" ಎಂದು ಕೇಳಿದಾಗ ಬರುವ ಉತ್ತರವನ್ನು ನಂಬಲಾಗದು. 10 ಗ್ರಾಂ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡುವ ಪರೀಕ್ಷೆ ಎರಡು ನಿಮಿಷದ್ದು, ಮಾಡಿಸಿ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಔಷಧಿ, ರಕ್ತ ಹೆಪ್ಪುಗಟ್ಟದ ಕಾಯಿಲೆ, ಗರ್ಭ, ಆ ಜಾಗದಲ್ಲಿ ಗೆಡ್ಡೆ ಅಥವಾ ಸೋಂಕು ಇದ್ದರೆ ಬೇಡ. ಪೇಸ್‌ಮೇಕರ್ ಇದ್ದರೆ ಹೃದಯದ ಡಾಕ್ಟರನ್ನು ಕೇಳದೆ ಬೇಡ. ಎಲುಬು ಇನ್ನೂ ಬೆಳೆಯುತ್ತಿರುವ ಮಕ್ಕಳಿಗೂ ಬೇಡ.

ಸರಿಯಾದ ರೋಗಿಗೆ ಇದು ಒಳ್ಳೆಯ ಚಿಕಿತ್ಸೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ದಲ್ಲಿ ಇದನ್ನು ಒಪ್ಪಿದ್ದು ಹಳೆಯ ಹಿಮ್ಮಡಿ ನೋವಿಗೇ, ಆರು ತಿಂಗಳು ಬೇರೆ ಚಿಕಿತ್ಸೆಗೆ ಜಗ್ಗದವರಿಗೆ. ಅಮ್ಮ ಆ ಗುಂಪಿಗೆ ಸೇರುತ್ತಾರೆ.

ದಾವಣಗೆರೆ_ಮಲ್ಲಿಗೆ

ತುಂಬಾ ಉಪಕಾರ. 'ಟಪ್' ಅಂದದ್ದು, ಕಂದಿದ್ದು ಏನೂ ಇಲ್ಲ. ಇನ್ನೊಂದು ಕಡೆ ಫೋಕಸ್ಡ್ ಮೆಷಿನ್ ಇದೆ, ದರ ಜಾಸ್ತಿ. ಅದೇ ಬೇಕಾ? ಸಿಟ್ಟಿಂಗ್ ಆದ ಮರುದಿನ ಶಾಲೆಗೆ ಹೋಗಬಹುದಾ? ಈ ಮೂರು ವಾರ ಸುಮ್ಮನೆ ಕೂರಬೇಕಾ?

ಅಂಗಳದ_ನಡಿಗೆ

ರೇಡಿಯಲ್ ಗನ್ನಿನೊಳಗೆ ಗಾಳಿಯ ಒತ್ತಡಕ್ಕೆ ಒಂದು ಲೋಹದ ಗುಂಡು ಓಡಿ ಬಂದು ತುದಿಗೆ ಬಡಿಯುತ್ತದೆ. ಶಕ್ತಿ ಚರ್ಮದ ಹತ್ತಿರ ಹೆಚ್ಚು, ಒಳಕ್ಕೆ ಹೋದಂತೆ ಹರಡಿ ಕಡಿಮೆಯಾಗುತ್ತದೆ. ಫೋಕಸ್ಡ್‌ನಲ್ಲಿ ಭೂತಗನ್ನಡಿ ಬಿಸಿಲನ್ನು ಕೂಡಿಸುವ ಹಾಗೆ ಅಲೆಗಳು ಒಳಗಿನ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅದರ ಲೆಕ್ಕ ಬಾರ್‌ನಲ್ಲಿ ಅಲ್ಲ, ಚದರ ಮಿ.ಮೀ.ಗೆ ಮಿಲಿಜೌಲ್‌ನಲ್ಲಿ. ಹಿಮ್ಮಡಿಗೆ 0.25ರ ಸುತ್ತ, 2000 ಶಾಟ್. ಹಿಮ್ಮಡಿಯ ಮೆತ್ತೆ ಸುಮಾರು 2 ಸೆ.ಮೀ. ದಪ್ಪ, ಪಟ್ಟಿ ಅದರ ಆಚೆಗೇ ಇದೆ. ರೇಡಿಯಲ್ ಅಲ್ಲಿಗೆ ತಲುಪುತ್ತದೆ. ಎರಡೂ ಬಗೆಯಲ್ಲಿ ಗುಣ ಕಂಡಿದೆ, ದುಡ್ಡಿನ ವ್ಯತ್ಯಾಸಕ್ಕೆ ತಕ್ಕ ವ್ಯತ್ಯಾಸ ಫಲದಲ್ಲಿ ನಿರೀಕ್ಷಿಸಬೇಡಿ. ಮೆಷಿನ್‌ಗಿಂತ ಗನ್ ಹಿಡಿದ ಕೈ ಮುಖ್ಯ. ರೇಡಿಯಲ್‌ನಲ್ಲಿ ಒಂದು ಮಾತು ಕೇಳಿ: ಗನ್ ಯಾವಾಗ ಸರ್ವಿಸ್ ಆಗಿದೆ? ಲಕ್ಷಗಟ್ಟಲೆ ಶಾಟ್ ಆದ ಮೇಲೆ ಒಳಗಿನ ಗುಂಡು, ಕೊಳವೆ ಸವೆಯುತ್ತವೆ. ಪರದೆ 4 ಬಾರ್ ತೋರಿಸುತ್ತಿರುತ್ತದೆ, ಕಾಲಿಗೆ ಅಷ್ಟು ಬೀಳುವುದಿಲ್ಲ.

ಮರುದಿನ ಶಾಲೆಗೆ ಹೋಗಬಹುದು, ಕುರ್ಚಿ ಇಟ್ಟುಕೊಳ್ಳಲಿ. ಎರಡು ದಿನ ಓಟ, ಜಿಗಿತ, ಉದ್ದ ನಡಿಗೆ ಬೇಡ. ಕೆಂಪಾಗುವುದು, ಕಂದುವುದು, ಒಂದೆರಡು ದಿನ ನೋವು ಏರುವುದು ಮಾಮೂಲು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕೆರಳಿಸಲೆಂದೇ ಕೊಟ್ಟ ಚಿಕಿತ್ಸೆಗೆ ಊತ ಇಳಿಸುವ ಮಾತ್ರೆ ಕೊಡುವುದು ಬೇಡ.

ಸುಮ್ಮನೆ ಕೂರಬೇಡಿ. ಹಾಸಿಗೆಯಿಂದ ಇಳಿಯುವ ಮೊದಲೇ ಎಡ ಪಾದವನ್ನು ಬಲ ಮೊಣಕಾಲ ಮೇಲಿಟ್ಟು, ಕಾಲ್ಬೆರಳುಗಳನ್ನು ಅದೇ ಕಾಲಿನ ಮೊಣಕಾಲಿನ ಕಡೆಗೆ ಎಳೆದು ಹಿಡಿಯಬೇಕು. ಇನ್ನೊಂದು ಕೈಯಿಂದ ಮುಟ್ಟಿದರೆ ಕಮಾನಿನಲ್ಲಿ ಪಟ್ಟಿ ತಂತಿಯ ಹಾಗೆ ಬಿಗಿದದ್ದು ಸಿಗಬೇಕು. ಸಿಗದಿದ್ದರೆ ಎಳೆದದ್ದು ಸಾಲದು. 10 ಸೆಕೆಂಡಿನಂತೆ 10 ಸಲ, ದಿನಕ್ಕೆ 3 ಹೊತ್ತು. ಮನೆಯೊಳಗೂ ಮೆತ್ತನೆ ಚಪ್ಪಲಿ, ಅಡುಗೆಮನೆಯಲ್ಲೂ.

ಫಿಸಿಯೋ_ಧಾರವಾಡ

ಎಳೆಯುವುದರಷ್ಟೇ ಭಾರ ಕೊಡುವುದೂ ಮುಖ್ಯ, ಅದನ್ನು ಬಿಟ್ಟವರಿಗೆ ಶಾಕ್‌ವೇವ್‌ನ ಲಾಭ ನಿಲ್ಲುವುದು ಕಷ್ಟ. ಮೆಟ್ಟಿಲ ಅಂಚಿನಲ್ಲಿ ಗೋಡೆ ಹಿಡಿದು ನಿಲ್ಲಲಿ. ಟರ್ಕಿ ಟವೆಲ್ ಸುರುಳಿ ಸುತ್ತಿ ಬೆರಳುಗಳ ಕೆಳಗೆ ಮಾತ್ರ ಇಡಿ, ಬೆರಳು ಪೂರ್ತಿ ಮೇಲಕ್ಕೆ ಮಡಚಿರಬೇಕು. 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡ್ ನಿಂತು, 3 ಸೆಕೆಂಡಿನಲ್ಲಿ ಇಳಿಸುವುದು. 12ರಂತೆ 3 ಸರದಿ, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂದೇ ಕಾಲಿನಲ್ಲಿ. 12 ಸುಲಭವಾದರೆ ಬೆನ್ನಿಗೆ ಬ್ಯಾಗ್ ಹಾಕಿ ಪುಸ್ತಕ ತುಂಬಿ, ಎತ್ತುವ ಸಂಖ್ಯೆ ಇಳಿಸಿ. ಇಂಜೆಕ್ಷನ್ ಆಗಿರುವುದರಿಂದ ಒಂಟಿ ಕಾಲಿನದು ಆ 6 ವಾರ ಮುಗಿದ ಮೇಲೆಯೇ.

ಕ್ಯಾಲೆಂಡರಿನಲ್ಲಿ ದಿನಾ ಬೆಳಗಿನ ಮೊದಲ ಹೆಜ್ಜೆಯ ನೋವಿಗೆ 10ಕ್ಕೆ ಎಷ್ಟು ಎಂದು ಬರೆಸಿ. ಮೂರನೇ ಸಿಟ್ಟಿಂಗ್ ಆದ ದಿನ ಆ ಅಂಕಿ ಇಳಿದಿಲ್ಲವೆಂದು ಹತ್ತು ಸಿಟ್ಟಿಂಗ್‌ಗೆ ದುಡ್ಡು ಕಟ್ಟಬೇಡಿ, ಫಲ ನೋಡುವುದು 12 ವಾರಕ್ಕೆ. ಆಗಲೂ ಅರ್ಧಕ್ಕೆ ಇಳಿಯದಿದ್ದರೆ ಆ ಕ್ಯಾಲೆಂಡರ್ ಹಿಡಿದುಕೊಂಡೇ ಮೂಳೆ ಡಾಕ್ಟರ ಹತ್ತಿರ ಹೋಗಿ, ರೋಗನಿರ್ಣಯದಿಂದ ಮತ್ತೆ ಶುರು ಮಾಡಲಿ.