‘ಹುಲ್ಲುಗಾವಲಿನ ಕೋಳಿ’ ಎನ್ನಬಹುದೇ? ಕಾವಲು, ಹಳೆತಳಿ, ಪರಭಕ್ಷಕ ಪದಗಳ ಕುರಿತು

ಹಳೆಯ ತಳಿಯ ಕೋಳಿಗಳನ್ನು ಹುಲ್ಲಿನ ಬಯಲಿನಲ್ಲಿ ಬಿಟ್ಟು ಸಾಕುವ, ಹಾಗೆ ಬಿಟ್ಟಾಗ ಅವುಗಳನ್ನು ಗಿಡುಗ, ನರಿ ಮೊದಲಾದವುಗಳಿಂದ ಉಳಿಸಿಕೊಳ್ಳುವ ಬಗೆಯನ್ನು ಕುರಿತು ಸಣ್ಣ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲಸ ಕೈಗೆ ಒಗ್ಗಿದ್ದೇ ಆದರೂ ಅದನ್ನು ಹೇಳಹೊರಟಾಗ ಕೆಲವು ಪದಗಳು ಕೈಕೊಡುತ್ತಿವೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಹುಲ್ಲುಗಾವಲು’. ಹುಲ್ಲು ಮತ್ತು ಕಾವಲು ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ ಬಂದ ಪದವಿದು. ಕಾವಲು ಎಂದರೆ ಪಹರೆ. ಮೇಯಿಸಲೆಂದು ಕಾದಿರಿಸಿದ ನೆಲವೂ ಕಾವಲೇ, ‘ಅಮೃತಮಹಲ್ ಕಾವಲು’ ಎಂಬಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ದನ ಕಾಯುವುದು ಎಂದಾಗಲೂ ಮೇಯಿಸುವುದು ಮತ್ತು ಕಾಪಾಡುವುದು ಎರಡೂ ಒಂದೇ ಕ್ರಿಯಾಪದದಲ್ಲಿ ಅಡಗಿರುತ್ತವೆ. ಕೋಳಿಯನ್ನು ಬಯಲಿಗೆ ಬಿಡುವವರಿಗೆ ಇದಕ್ಕಿಂತ ಒಪ್ಪುವ ಪದ ನನಗೆ ತೋರುತ್ತಿಲ್ಲ, ಏಕೆಂದರೆ ಇಲ್ಲಿ ಮೇವಿನ ನೆಲವನ್ನೂ ರಕ್ಷಣೆಯನ್ನೂ ಬೇರ್ಪಡಿಸಿ ಯೋಚಿಸಲು ಬರುವುದಿಲ್ಲ. (ಹೇಂಟೆ ಮೊಟ್ಟೆಗೆ ಕೊಡುವ ‘ಕಾವು’ ಬಿಸಿ ಎಂಬರ್ಥದ ಬೇರೆ ಧಾತುವಿನಿಂದ ಬಂದದ್ದು, ಆದರೂ 21 ದಿನ ಅಲುಗಾಡದೆ ಕೂತ ಹೇಂಟೆಯನ್ನು ಕಂಡವರಿಗೆ ಅದು ಬಿಸಿ ಕೊಡುತ್ತಿದೆಯೋ ಕಾವಲಿದೆಯೋ ಎಂದು ಬಿಡಿಸಿ ಹೇಳುವುದು ಕಷ್ಟ.) ನನ್ನ ಅನುಮಾನವಿಷ್ಟೇ: ಹುಲ್ಲುಗಾವಲು ಎಂದೊಡನೆ ಓದುಗರ ಮನಸ್ಸಿಗೆ ದನಕರುಗಳೂ ದಿಗಂತದವರೆಗಿನ ಬಯಲೂ ಬರುತ್ತವೆಯೇ ಹೊರತು ಕೋಳಿ ಬರುವುದಿಲ್ಲ. ‘ಮೇಯು’ ಎಂಬುದೂ ಪೂರ್ತಿ ಹೊಂದುವುದಿಲ್ಲ. ಕೋಳಿ ಎಳೆಹುಲ್ಲಿನ ತುದಿಯನ್ನು ಕೊಕ್ಕಿನಿಂದ ಹಿಡಿದು, ಕತ್ತನ್ನು ಸರಕ್ಕನೆ ಹಿಂದಕ್ಕೆಳೆದು ಚಿವುಟುವುದು ನಿಜ. ಆದರೆ ಬರಿಯ ಹುಲ್ಲಿನಿಂದ ಅದು ಬದುಕಲಾರದು, ಅದರ ದಿನವೆಲ್ಲ ಕೆದಕುವುದರಲ್ಲಿ, ಹುಳು ಹೆಕ್ಕುವುದರಲ್ಲಿ, ಕಾಳು ಕುಕ್ಕುವುದರಲ್ಲಿ ಕಳೆಯುತ್ತದೆ. ಹೀಗಿರುವಾಗ ‘ಕೋಳಿ ಮೇಯಿಸುವುದು’ ಎಂಬ ಪ್ರಯೋಗವನ್ನು ನೀವು ಒಪ್ಪುವಿರಾ?

ಎರಡನೆಯದು ‘ಹೆರಿಟೇಜ್’ ತಳಿ. ಅಮೆರಿಕದ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಸಂಸ್ಥೆಯ ವ್ಯಾಖ್ಯೆಯಂತೆ ಇಂಥ ತಳಿ 20ನೆಯ ಶತಮಾನದ ನಡುಭಾಗಕ್ಕೆ ಮೊದಲೇ ಮಾನ್ಯತೆ ಪಡೆದಿರಬೇಕು, ಸಹಜವಾಗಿ ಕೂಡಿ ಮರಿ ಪಡೆಯಬೇಕು, ಹೊರಗಿನ ಬದುಕಿನಲ್ಲಿ ಹೇಂಟೆ 5ರಿಂದ 7 ವರ್ಷ, ಹುಂಜ 3ರಿಂದ 5 ವರ್ಷ ಫಲವಂತವಾಗಿರಬೇಕು, 16 ವಾರಕ್ಕೆ ಮೊದಲು ಮಾರುವ ತೂಕಕ್ಕೆ ಬರುವಂತಿರಬಾರದು. ‘ಪಾರಂಪರಿಕ’ ಎಂದರೆ ಸ್ಮಾರಕದ ನೆನಪಾಗುತ್ತದೆ. ‘ನಾಟಿ’, ‘ಜವಾರಿ’ ಜೀವಂತ ಪದಗಳು, ಆದರೆ ಅವು ಈ ಮಣ್ಣಿನದು ಎಂಬುದನ್ನು ಹೇಳುತ್ತವೆ. ಇಂಗ್ಲೆಂಡಿನ, ಐದು ಬೆರಳಿನ ಡಾರ್ಕಿಂಗ್ ಕೋಳಿ ಬಹು ಹಳೆಯ ತಳಿಯಾದರೂ ಅದನ್ನು ಜವಾರಿ ಎನ್ನಲಾಗದು. ‘ಹಳೆಯ ಕೋಳಿ’ ಎಂದರೆ ಮುದಿಕೋಳಿಯಾದೀತು. ಹಾಗಾಗಿ ‘ಹಳೆತಳಿ’ ಎಂದು ಬರೆಯುತ್ತಿದ್ದೇನೆ. ‘ಹಳೆಗನ್ನಡ’ ಎಂಬ ಪದದ ಮಾದರಿಯಲ್ಲಿ ಇದು ‘ಹಳೆದಳಿ’ ಆಗಬೇಕೇ?

ಗೂಡಿನ ವಿಷಯ ಚಿಕ್ಕದು. ತಳವಿಲ್ಲದ, ದಿನಕ್ಕೊಮ್ಮೆ ಹೊಸ ಹುಲ್ಲಿಗೆ ಎಳೆದೊಯ್ಯುವ ಗೂಡನ್ನು ‘ಎಳೆಗೂಡು’ ಎಂದಿದ್ದೆ. ಕರಡು ಓದಿದವರೊಬ್ಬರು ಅದನ್ನು ಎಳೆಯ ಮರಿಗಳ ಗೂಡೆಂದು ತಿಳಿದರು. ಈಗ ‘ಜರುಗುಗೂಡು’ ಎಂದು ತಿದ್ದಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಪರಭಕ್ಷಕ’, ಅಂದರೆ ಬೇರೆ ಪ್ರಾಣಿಗಳನ್ನು ಹಿಡಿದು ತಿನ್ನುವ ಪ್ರಾಣಿ. ಪಠ್ಯಪುಸ್ತಕಗಳಲ್ಲಿ ಈ ಪದ ನೆಲೆಯೂರಿದೆ, ಕೋಳಿ ಸಾಕುವವರ ಬಾಯಲ್ಲಿ ಇಲ್ಲ. ‘ಬೇಟೆಪ್ರಾಣಿ’ ಎಂದರೆ ಬೇಟೆಯಾಡುವುದೋ ಬೇಟೆಯಾಗುವುದೋ ತಿಳಿಯದು. ಒಂದು ಬೆಳಿಗ್ಗೆ ಗೂಡಿನ ಅಗುಳಿ ಹಾಕಿದಂತೆಯೇ ಇತ್ತು, ಷಟ್ಕೋನ ಕಣ್ಣಿನ ಜಾಲರಿ ಎಲ್ಲಿಯೂ ಹರಿದಿರಲಿಲ್ಲ, ಆದರೆ ಜಾಲರಿಗೆ ಒತ್ತಿ ಮಲಗಿದ್ದ ಹೇಂಟೆಗೆ ತಲೆಯಿರಲಿಲ್ಲ; ತಂತಿಯ ಕಣ್ಣುಗಳಲ್ಲಿ ನಾಲ್ಕಾರು ಗರಿಗಳು ಸಿಕ್ಕಿಕೊಂಡಿದ್ದವು. ಹೊರಗಿನಿಂದ ಪಂಜವೊಂದು ತೂರಿ ಬಂದಿತ್ತು. ಎಲ್ಲಕ್ಕೂ ‘ಪರಭಕ್ಷಕ’ ಎಂಬ ಒಂದೇ ಹೆಸರಿಟ್ಟರೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ ಎಂದು ಅಂದು ಮನವರಿಕೆಯಾಯಿತು. ಕನ್ನಡದ ಕ್ರಿಯಾಪದಗಳು ಆ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಗಿಡುಗ ಎರಗುತ್ತದೆ, ಅದಕ್ಕೆ ಪೊದೆಯ ಮರೆ ಅಥವಾ ಮೇಲುಬಲೆ ಬೇಕು. ನರಿ ತೋಡುತ್ತದೆ, ಅದೂ ಬೇಲಿಯ ಬುಡದಲ್ಲಿಯೇ. ಆದ್ದರಿಂದ ಬುಡದಿಂದ ಹೊರಕ್ಕೆ ಎರಡು ಅಡಿ ಜಾಲರಿಯನ್ನು ನೆಲದ ಮೇಲೆ ಹಾಸಿದರೆ ಅದರ ಉಗುರು ತಂತಿಗೆ ತಾಗಿ ನಿಲ್ಲುತ್ತದೆ. ಮುಂಗುಸಿಯಂಥವು ನುಸುಳುತ್ತವೆ, ಅವಕ್ಕೆ ಅರ್ಧ ಅಂಗುಲ ಕಣ್ಣಿನ, ಬೆಸೆದ ಜಾಲರಿಯೇ ಆಗಬೇಕು. ಆದಕಾರಣ ‘ಎರಗುವವು, ತೋಡುವವು, ನುಸುಳುವವು’ ಎಂದು ವಿಂಗಡಿಸಿ, ಕೋಳಿಯನ್ನು ಒಳಗಿಡಲಷ್ಟೇ ತಕ್ಕ ಷಟ್ಕೋನದ ಜಾಲರಿಯನ್ನು ‘ಕೋಳಿಜಾಲರಿ’ ಎಂದೂ, ಹೊರಗಿನದನ್ನು ತಡೆಯಬಲ್ಲ ಬೆಸೆದ ಜಾಲರಿಯನ್ನು ‘ಕಾವಲುಜಾಲರಿ’ ಎಂದೂ ಕರೆಯುವುದು ನನ್ನ ಸೂಚನೆ.

ಕೊನೆಯದಾಗಿ ಕೋಳಿಗಳದೇ ಭಾಷೆಯ ಮಾತು. ಆಗಸದಲ್ಲಿ ಗಿಡುಗ ಕಂಡರೆ ಹುಂಜ ತೆಳ್ಳಗೆ, ನೀಳವಾಗಿ ಒಂದು ದನಿ ಎಳೆಯುತ್ತದೆ, ಹೇಂಟೆಗಳು ಮರೆಗೆ ಓಡುತ್ತವೆ ಅಥವಾ ಇದ್ದಲ್ಲೇ ಕುಗ್ಗುತ್ತವೆ. ನೆಲದಲ್ಲಿ ನರಿ ಕಂಡರೆ ಕಡಿದು ಕಡಿದು ಕೊಕ್ಕೊಕ್ ಎನ್ನುತ್ತದೆ, ಆಗ ಅವು ಕತ್ತು ನಿಗುರಿಸಿ ಸುತ್ತ ನೋಡುತ್ತವೆ. ಗಿಡುಗ, ನರಿ ಎರಡೂ ಇಲ್ಲದ ಕಡೆ ಈ ದನಿಗಳ ಮುದ್ರಿಕೆಯನ್ನಷ್ಟೇ ಕೇಳಿಸಿದಾಗಲೂ ಹೇಂಟೆಗಳು ಹೀಗೆಯೇ ನಡೆದುಕೊಂಡುದನ್ನು ಸಂಶೋಧಕರು ದಾಖಲಿಸಿದ್ದಾರೆ. ಈ ಎರಡು ದನಿಗಳಿಗೆ ಬೇರೆ ಬೇರೆ ಹೆಸರುಗಳನ್ನು ಯಾರಾದರೂ ಹಿರಿಯರ ಬಾಯಲ್ಲಿ ಕೇಳಿದ್ದೀರಾ? ‘ಗಿಡುಗನ ಕೂಗು’ ಎಂದು ಬರೆದರೆ ಗಿಡುಗವೇ ಕೂಗಿದಂತಾಗುತ್ತದೆ, ‘ಎಚ್ಚರಿಕೆಯ ಕೂಗು’ ಎಂದರೆ ಎರಡೂ ಒಂದಾಗಿಬಿಡುತ್ತವೆ.