ಪದಚರ್ಚೆ: ಕೌದಿಯ ‘ಬ್ಲಾಕ್’ಗೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಬೆಂಗಳೂರಿನ ನಮ್ಮ ಬಡಾವಣೆಯ ಮಹಿಳೆಯರಿಗೆ ತುಂಡುಬಟ್ಟೆಗಳಿಂದ ಹೊದಿಕೆ ಹೊಲಿಯುವುದನ್ನು ಕಲಿಸುವ ಸಲುವಾಗಿ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಮೊದಲ ಪಾಠ ತೀರ ಸರಳವಾದದ್ದು. ಎರಡೂವರೆ ಇಂಚಿನ ಒಂಬತ್ತು ಚೌಕ ತುಂಡುಗಳನ್ನು, ಐದು ಗಾಢ ಬಣ್ಣದವು ಮತ್ತು ನಾಲ್ಕು ತಿಳಿ ಬಣ್ಣದವು, ಕತ್ತರಿಸಿಕೊಂಡು, ಮೂರು ಮೂರರಂತೆ ಸಾಲಾಗಿ ಹೊಲಿದು, ಆಮೇಲೆ ಆ ಮೂರು ಸಾಲುಗಳನ್ನು ಕೂಡಿಸಬೇಕು. ಕೂಡುವ ಪ್ರತಿ ಅಂಚಿನಲ್ಲೂ ಕಾಲು ಇಂಚು ಹೊಲಿಗೆಯೊಳಗೆ ಹೋಗಿ, ಹೀಗೆ ಸಿಗುವ ಆರೂವರೆ ಇಂಚಿನ ಚೌಕವನ್ನು ಇಂಗ್ಲಿಷಿನವರು ‘ಬ್ಲಾಕ್’ ಎನ್ನುತ್ತಾರೆ. ಇಂಥವನ್ನು ಹತ್ತಾರು ಮಾಡಿಟ್ಟುಕೊಂಡು ಒಂದಕ್ಕೊಂದು ಜೋಡಿಸಿದರೆ ಹೊದಿಕೆಯ ಮೇಲ್ಭಾಗ ಸಿದ್ಧವಾಗುತ್ತದೆ. ಈ ‘ಬ್ಲಾಕ್’ಗೆ ಒಪ್ಪುವ ಕನ್ನಡ ಪದ ಯಾವುದು ಎಂಬುದು ನನ್ನ ಪ್ರಶ್ನೆ.

ಇಡೀ ಹೊದಿಕೆಯನ್ನು ಹೆಸರಿಸಲು ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ‘ಕೌದಿ’ ಇಂದಿಗೂ ದಿನಬಳಕೆಯ ಮಾತು. ಸಂಸ್ಕೃತದಿಂದ ಬಂದ ‘ಕಂಥೆ’ ಸನ್ಯಾಸಿಯ ಹೊದಿಕೆಯನ್ನು ನೆನಪಿಸುತ್ತದೆ. ‘ಬೊಂತೆ’ಯನ್ನಂತೂ ಬೆಂಗಳೂರಿನಲ್ಲಿ ಈಗ ಹೊದೆಯುವವರಿಗಿಂತ ‘ಕಂತೆಗೆ ತಕ್ಕ ಬೊಂತೆ’ ಎಂದು ಗಾದೆಯಲ್ಲಿ ಆಡುವವರೇ ಹೆಚ್ಚು. ‘ಬಿಡಾಡಿ’ ಎಂಬ ಅಂಕಿತದಲ್ಲಿ ವಚನ ರಚಿಸಿದ 12ನೆಯ ಶತಮಾನದ ಶರಣೆ ಬೊಂತಾದೇವಿಗೆ ಆ ಹೆಸರು ಬಂದದ್ದು ಬೊಂತೆ ಹೊದ್ದದ್ದರಿಂದ ಎಂಬ ಐತಿಹ್ಯವಿದೆ.

ಇಡಿಗೆ ಇಷ್ಟು ಹೆಸರುಗಳಿದ್ದೂ ಬಿಡಿಗೆ ಹೆಸರು ಸಿಗದಿರಲು ಹೊಲಿಯುವ ಕ್ರಮವೇ ಕಾರಣವೆಂದು ನನಗೆ ತೋರುತ್ತದೆ. ಕೌದಿಯಲ್ಲಿ ಹಳೆಯ ಸೀರೆಯನ್ನೋ ಧೋತರವನ್ನೋ ತಳಕ್ಕೆ ಹಾಸಿ, ಅದರ ಮೇಲೆ ಸಿಕ್ಕ ಸಿಕ್ಕ ಅಳತೆಯ ತುಂಡುಗಳನ್ನು ಇಟ್ಟು, ಎಲ್ಲ ಪದರಗಳನ್ನೂ ಒಟ್ಟಿಗೆ ಹಿಡಿದು ದಾರ ಓಡಿಸುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಒಂದು ಮೂಲೆಯಿಂದ ತೊಡಗಿ, ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿ ಕೂರಿಸುವ ಬಟ್ಟೆಯ ಹೂವಿಗೆ ಅವರಲ್ಲಿ ಹೆಸರುಂಟು, ‘ಫೂಲ’ ಎಂದು. ಬಿಡಿಬಿಡಿಯಾಗಿ ಮಾಡಿ ಕೊನೆಗೆ ಕೂಡಿಸುವ ಹಂತವೇ ಇಲ್ಲದ ಕಡೆ ಆ ಬಿಡಿಭಾಗಕ್ಕೆ ಹೆಸರಿಡುವ ಅಗತ್ಯ ಯಾರಿಗೂ ಬಿದ್ದಿರಲಾರದು.

‘ಬ್ಲಾಕ್’ ಎಂದೇ ಬರೆದು ನೋಡಿದೆ. ಒಬ್ಬರು ಅದನ್ನು ಬಟ್ಟೆಗೆ ಬಣ್ಣ ಒತ್ತುವ ಮರದ ಅಚ್ಚು ಎಂದುಕೊಂಡರು. ಜಯನಗರ ನಾಲ್ಕನೇ ಬ್ಲಾಕಿನಿಂದ ಬರುವ ಇನ್ನೊಬ್ಬರು ನಕ್ಕರು. ‘ತೇಪೆ’ ನನಗೆ ಒಪ್ಪಿಗೆಯಿಲ್ಲ. ತೇಪೆ ಹಾಕುವುದು ಹರಿದದ್ದರ ಮೇಲೆ. ‘ತೇಪೆ ಹಚ್ಚುವ ಕೆಲಸ’ ಎಂದರೆ ಹುಳುಕು ಮುಚ್ಚುವುದೆಂದೇ ಅರ್ಥವಾಗಿರುವಾಗ, ಅಳೆದು ಕತ್ತರಿಸಿದ ಹೊಸ ತುಂಡಿಗೆ ಆ ಹೆಸರು ಅನ್ಯಾಯ. ‘ಚೌಕ’ ಎಂದರೆ ಚಿಕ್ಕ ತುಂಡೂ ಚೌಕ, ಒಂಬತ್ತು ಸೇರಿದ್ದೂ ಚೌಕ. ‘ಚೌಕಗಳನ್ನು ಜೋಡಿಸಿ ಚೌಕ ಮಾಡಿ’ ಎಂಬ ವಾಕ್ಯವನ್ನು ಬರೆದು ನಾನೇ ಹೊಡೆದುಹಾಕಿದೆ. ಸದ್ಯಕ್ಕೆ ನನ್ನ ಒಲವು ‘ಮನೆ’ಯ ಕಡೆಗಿದೆ. ಚೌಕಾಬಾರದಲ್ಲಿ ಕಾಯಿ ನಡೆಸುವುದು ಮನೆಯಿಂದ ಮನೆಗೆ, ಚದುರಂಗದಲ್ಲಿಯೂ ಹಾಗೆಯೇ. ‘ಒಂಬತ್ತು ತುಂಡಿನ ಮನೆ’ ಎಂದಾಗ ತರಗತಿಯಲ್ಲಿ ಯಾರೂ ಅರ್ಥ ಕೇಳಲಿಲ್ಲ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ‘ಕಾಲು ಇಂಚು ಬಿಟ್ಟು ಹೊಲಿಯಿರಿ’ ಎಂದು ಬರೆದಿದ್ದೆ. ತುಂಡಿನ ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಗೆ ಬರಲಿ ಎಂಬುದು ನನ್ನ ಉದ್ದೇಶವಾಗಿತ್ತು. ಒಬ್ಬ ಹಿರಿಯರು ಎರಡೂವರೆ ಇಂಚಿನ ಸುತ್ತಲೂ ಕಾಲು ಇಂಚು ಹೆಚ್ಚಿಗೆ ಬಿಟ್ಟು, ಮೂರು ಇಂಚಿನ ತುಂಡುಗಳನ್ನೇ ಕತ್ತರಿಸಿ ತಂದರು. ಅವರ ಮನೆ ಎಂಟು ಇಂಚಾಯಿತು, ಉಳಿದವರದರೊಡನೆ ಕೂಡಲಿಲ್ಲ. ತಪ್ಪು ಅವರದಲ್ಲ, ನನ್ನ ‘ಬಿಟ್ಟು’ವಿನದು: ಕತ್ತರಿ ಹಿಡಿದವರಿಗೆ ಬಿಡುವುದೆಂದರೆ ಹೆಚ್ಚಿಗೆ ಇಡುವುದು, ಸೂಜಿ ಹಿಡಿದವರಿಗೆ ಅಂಚಿನಿಂದ ಒಳಗೆ ಸರಿಯುವುದು. ಅಂಚಿಗೂ ಹೊಲಿಗೆಗೂ ನಡುವೆ ಉಳಿಯುವ ಈ ಪಟ್ಟಿಯನ್ನು ನಮ್ಮ ದರ್ಜಿಗಳೆಲ್ಲ ‘ಮಾರ್ಜಿನ್’ ಎನ್ನುತ್ತಾರೆ, ಆ ಪದವನ್ನು ಉಳಿಸಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಈಗ ‘ಮಾರ್ಜಿನ್ ಸೇರಿ ಎರಡೂವರೆ ಇಂಚು’ ಎಂದು ತಿದ್ದಿದ್ದೇನೆ.

ಕೌದಿ ಹೊಲಿಯುವ ಮನೆತನದವರು ಯಾರಾದರೂ ಇದ್ದರೆ ಎರಡು ಸಂಗತಿ ತಿಳಿಸಬೇಕೆಂದು ಕೋರುತ್ತೇನೆ. ತಳದ ಬಟ್ಟೆಗೆ ಕೂರಿಸುವ ಮೊದಲೇ ನಾಲ್ಕಾರು ತುಂಡುಗಳನ್ನು ಕೂಡಿಸಿಟ್ಟುಕೊಳ್ಳುವ ರೂಢಿ ನಿಮ್ಮಲ್ಲಿ ಇದೆಯೇ, ಇದ್ದರೆ ಆ ಜೋಡಿಕೆಯನ್ನು ಏನೆಂದು ಕರೆಯುತ್ತೀರಿ? ಮತ್ತು ‘ಮನೆ’ ಎಂದರೆ ನಿಮ್ಮ ಕಿವಿಗೆ ಬೇರೆ ಯಾವುದಾದರೂ ಹೊಲಿಗೆಯ ಅರ್ಥ, ಗುಂಡಿಯ ಮನೆಯಂಥದ್ದು, ಮೊದಲು ಬರುತ್ತದೆಯೇ?