ಅಕ್ರೊಪೋರಾ ಹವಳ ಬಿಳಿ ಆಗುತ್ತಿದೆ, ಟೆಸ್ಟ್ ನೋಡಿದರೆ ನೀರು ಚೆನ್ನಾಗೇ ಇದೆ. ಎಲ್ಲಿ ಹುಡುಕಲಿ?

ನೀಲಿತೊಟ್ಟಿ:
ಎಲ್ಲರಿಗೂ ನಮಸ್ಕಾರ. ತುಂಬಾ ಬೇಜಾರಲ್ಲಿ ಬರೆಯುತ್ತಿದ್ದೇನೆ. ನನ್ನದು 300 ಲೀಟರ್ ರೀಫ್ ಟ್ಯಾಂಕ್ (ಹವಳ ಸಾಕೋ ಉಪ್ಪುನೀರಿನ ತೊಟ್ಟಿ), ಹೊಸದೇನಲ್ಲ, ಇಷ್ಟು ದಿನ ಹವಳಗಳು ಚೆನ್ನಾಗಿ ಬೆಳೆಯುತ್ತಿದ್ದವು. ಈಗ ಒಂದೊಂದಾಗಿ ಸೊರಗುತ್ತಿವೆ. ಮೊದಲು ಅಕ್ರೊಪೋರಾಗಳ ಬಣ್ಣ ಮಾಸಿತು, ನೀಲಿ ಇದ್ದದ್ದು ಬೂದಿ ಬಣ್ಣಕ್ಕೆ ಬಂತು. ಆಮೇಲೆ ಕೊಂಬೆಗಳ ತುದಿ ಸುಟ್ಟ ಹಾಗಾಗಿ, ಚರ್ಮ ಹೋಗಿ ಒಳಗಿನ ಬಿಳಿ ಕಲ್ಲು ಕಾಣಿಸಿತು. ಒಂದರಲ್ಲಿ ಈಗ ಬುಡದಿಂದಲೂ ಸುಲಿಯುತ್ತಾ ಮೇಲಕ್ಕೆ ಬರುತ್ತಿದೆ. ಟಾರ್ಚ್ ಹವಳ ಅರ್ಧ ಮಾತ್ರ ಅರಳುತ್ತದೆ. ಮೆತ್ತನೆ ಹವಳಗಳಾದ ಜೋವಾ ಮತ್ತು ಲೆದರ್ ಏನೂ ಆಗೇ ಇಲ್ಲ ಅನ್ನೋ ಹಾಗಿವೆ, ಮೀನುಗಳೂ ಆರಾಮಾಗಿವೆ.

ಉಷ್ಣಾಂಶ 25.5 ಡಿಗ್ರಿ, ಉಪ್ಪು 35 ಪಿಪಿಟಿ, ಅಲ್ಕಲಿನಿಟಿ (ಹವಳ ಕಲ್ಲು ಕಟ್ಟೋಕೆ ಬಳಸೋ ಕಾರ್ಬೊನೇಟ್‌ಗಳ ಅಳತೆ) 10.8 ಡಿಕೆಎಚ್, ಕ್ಯಾಲ್ಸಿಯಂ 430, ಮೆಗ್ನೀಸಿಯಂ 1320. ನೈಟ್ರೇಟ್ 0, ಫಾಸ್ಫೇಟ್ 0. ನೀರು ಇದಕ್ಕಿಂತ ಶುಚಿಯಾಗಿ ಇರೋಕೆ ಸಾಧ್ಯ ಇಲ್ಲ ಅಲ್ವಾ? ಗಾಜಿನ ಮೇಲೆ ಪಾಚಿ ಜಾಸ್ತಿ ಆಗುತ್ತಿತ್ತು ಅಂತ ಕೆಲವು ತಿಂಗಳ ಹಿಂದೆ ಫಾಸ್ಫೇಟ್ ಹೀರೋ ಜಿಎಫ್‌ಒ ರಿಯಾಕ್ಟರ್ ಸೇರಿಸಿದ್ದೆ, ಕೊಳೆಯನ್ನು ನೊರೆಯಾಗಿ ತೆಗೆಯೋ ಸ್ಕಿಮ್ಮರನ್ನೂ ದೊಡ್ಡದು ಹಾಕಿದ್ದೆ. ಲೈಟ್ ಹಳೆಯದೇ, ಮುಟ್ಟಿಲ್ಲ. ಈ ವಾರವೇ ಅರ್ಧ ನೀರು ಬದಲಾಯಿಸೋಣ ಅಂದುಕೊಂಡಿದ್ದೇನೆ. ಮಾಡಲಾ?

ಉಪ್ಪುನೀರು:
ದಯವಿಟ್ಟು ಬೇಡ, ಸ್ವಲ್ಪ ತಡೆಯಿರಿ. ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಎರಡು ಸೊನ್ನೆ. ಅದು ಶುಚಿ ಅಲ್ಲ, ಉಪವಾಸ. ಹವಳದ ಚರ್ಮದೊಳಗೆ ಜೂಜಾಂಥೆಲ್ಲೆ ಅನ್ನೋ ಕಣ್ಣಿಗೆ ಕಾಣದ ಪಾಚಿ ಇದೆ, ಹವಳಕ್ಕೆ ಹೆಚ್ಚಿನ ಊಟ ಅಲ್ಲಿಂದಲೇ ಬರೋದು. ಆ ಪಾಚಿಗೂ ಸಾರಜನಕ (ನೈಟ್ರೇಟ್) ಬೇಕು, ರಂಜಕ (ಫಾಸ್ಫೇಟ್) ಬೇಕು. ಜಿಎಫ್‌ಒ ರಂಜಕವನ್ನು ಎಳೆದುಕೊಂಡಿತು, ದೊಡ್ಡ ಸ್ಕಿಮ್ಮರ್ ಉಳಿದದ್ದನ್ನೂ ಬಾಚಿಕೊಂಡಿತು. ಬಣ್ಣ ಮಾಸಿದ್ದು ಅದಕ್ಕೇ ಅಂತ ನನ್ನ ಅನಿಸಿಕೆ.

ಇನ್ನೊಂದು ಕಡೆ ಅಲ್ಕಲಿನಿಟಿ 10.8. ಸಮುದ್ರದಲ್ಲಿ ಇದು ಸುಮಾರು 7 ಡಿಕೆಎಚ್ ಅಷ್ಟೇ. ನೈಟ್ರೇಟ್, ಫಾಸ್ಫೇಟ್ ಇರೋ ಟ್ಯಾಂಕಿನಲ್ಲಿ 10, 11 ಇದ್ದರೂ ಎಷ್ಟೋ ಹವಳಗಳು ತಡೆದುಕೊಳ್ಳುತ್ತವೆ. ಆದರೆ ಊಟ ಇಲ್ಲದಾಗ ಅಷ್ಟು ಅಲ್ಕಲಿನಿಟಿ ಇದ್ದರೆ, ಕಲ್ಲು ಬೆಳೆಯೋ ವೇಗಕ್ಕೆ ಚರ್ಮ ಸರಿಸಮ ಬರೋದಿಲ್ಲ, ತುದಿ ಸುಡುತ್ತದೆ. ಎಲ್ಲಕ್ಕಿಂತ ಬೇಗ ಬೆಳೆಯೋ ಜಾಗ ತುದಿಯೇ ಆದ್ದರಿಂದ ಏಟು ಅಲ್ಲಿಗೇ ಮೊದಲು. ಕಲ್ಲು ಕಟ್ಟದ ಜೋವಾ, ಲೆದರ್ ಆರಾಮಾಗಿರೋದಕ್ಕೂ ಇದು ಹೊಂದುತ್ತದೆ.

ಇವತ್ತೇ ಜಿಎಫ್‌ಒ ತೆಗೆಯಿರಿ. ಮೀನಿಗೆ ಊಟ ಸ್ವಲ್ಪ ಜಾಸ್ತಿ ಹಾಕಿ, ಸ್ಕಿಮ್ಮರನ್ನು ರಾತ್ರಿ ಮಾತ್ರ ಓಡಿಸಿ. ನೈಟ್ರೇಟ್ 5ರ ಆಸುಪಾಸು, ಫಾಸ್ಫೇಟ್ 0.03ರಿಂದ 0.1ರ ನಡುವೆ ನಿಂತರೆ ಸಾಕು. ಮೊದಲ ಕೆಲವು ವಾರ ಫಾಸ್ಫೇಟ್ ಏರದೇ ಇರಬಹುದು, ಗಾಬರಿ ಆಗಬೇಡಿ, ಬರಿದಾದ ಕಲ್ಲುಗಳು ಮೊದಲು ತಾವೇ ಹೀರಿಕೊಳ್ಳುತ್ತವೆ. ಮರಳಿನ ಮೇಲೆ ಗುಳ್ಳೆ ಕಟ್ಟಿದ ಕಂದು ಲೋಳೆ ಎಳೆಗಳು ಕಂಡರೆ ಮಾತ್ರ ತಕ್ಷಣ ಹೇಳಿ. ಅದು ಡೈನೊ ಅನ್ನೋ ಕಾಟದ ಸೂಕ್ಷ್ಮಜೀವಿ, ಎರಡೂ ಸೊನ್ನೆಗೆ ಇಳಿದ ಟ್ಯಾಂಕಿಗೆ ಬರೋದು ಮಾಮೂಲಿ.

ರಾತ್ರಿಟಾರ್ಚ್:
ತುದಿ ಸುಟ್ಟಿದ್ದಕ್ಕೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಬುಡದಿಂದ ಸುಲಿಯೋದನ್ನು ಮಾತ್ರ ಅದೇ ಲೆಕ್ಕಕ್ಕೆ ಸುಮ್ನೆ ಸೇರಿಸಬೇಡಿ. ಹುಳ ಇರಬಹುದು. ಅಕ್ರೊಪೋರಾ ತಿನ್ನೋ ಚಪ್ಪಟೆ ಹುಳ ಅದರ ಬಣ್ಣದಲ್ಲೇ ಇರುತ್ತದೆ, ಎದುರಿಗೇ ಇದ್ದರೂ ಕಾಣೋದಿಲ್ಲ. ಪಂಪ್ ನಿಲ್ಲಿಸಿ, ಪಿಪೆಟ್‌ನಿಂದ ಕೊಂಬೆಗಳ ನಡುವೆ ಜೋರಾಗಿ ನೀರು ಹೊಡೆಯಿರಿ. ತೆಳ್ಳಗಿನ, ಅಂಡಾಕಾರದ ಏನಾದರೂ ಹಾರಿ ಬಿದ್ದರೆ ಅದೇ. ಚರ್ಮದ ಮೇಲೆ ಸಣ್ಣ ಸಣ್ಣ ದುಂಡು ಮಚ್ಚೆ ಇದೆಯಾ ನೋಡಿ, ಅದು ಕಚ್ಚಿದ ಗುರುತು. ಬುಡದ ಬೋಳು ಕಲ್ಲಿನ ಮೇಲೆ ಒತ್ತೊತ್ತಾಗಿ ಕಂದು ಚುಕ್ಕಿ ಕಂಡರೆ ಮೊಟ್ಟೆ. ಡಿಪ್ ಮಾಡಿದರೆ, ಅಂದರೆ ಹವಳವನ್ನು ಔಷಧಿ ನೀರಿನಲ್ಲಿ ಅದ್ದಿದರೆ, ಹುಳ ಉದುರುತ್ತದೆ, ಮೊಟ್ಟೆಗೆ ಏನೂ ಆಗೋದಿಲ್ಲ. ಕೆರೆದೇ ತೆಗೆಯಬೇಕು, ಮತ್ತೆ ವಾರಕ್ಕೊಮ್ಮೆ ಡಿಪ್ ಮಾಡುತ್ತಾ ಹೋಗಬೇಕು.

ಆ ಲೆದರ್ ಎಷ್ಟು ದೊಡ್ಡದು? ಲೆದರ್‌ಗಳು ನೀರಿಗೆ ಬಿಡೋ ರಾಸಾಯನಿಕ ಪಕ್ಕದ ಗಟ್ಟಿ ಹವಳಗಳಿಗೆ ಆಗಿಬರೋದಿಲ್ಲ. ತಾಜಾ ಆಕ್ಟಿವೇಟೆಡ್ ಕಾರ್ಬನ್ ಹಾಕಿದರೆ ನಷ್ಟವೇನಿಲ್ಲ.

ಹವಳದಂಡೆ:
ನನ್ನ ಪ್ರಶ್ನೆ ಬೇರೆ. 10.8 ಅಂದ್ರಿ, ದಿನದ ಯಾವ ಹೊತ್ತಿನಲ್ಲಿ ಅಳೆದದ್ದು? ಅಲ್ಕಲಿನಿಟಿ ದ್ರಾವಣ ತಾನಾಗಿ ಹಾಕೋ ಡೋಸರ್ ಇದೆಯಾ, ಇದ್ದರೆ ದಿನಕ್ಕೆ ಎಷ್ಟು ಸಲ ಹಾಕುತ್ತದೆ? ಡೋಸ್‌ಗೆ ಮುಂಚೆ ಒಂದು ಸಲ, ಆಮೇಲೆ ಒಂದೆರಡು ಗಂಟೆ ಬಿಟ್ಟು ಇನ್ನೊಂದು ಸಲ ಅಳೆದು ಹೇಳಿ. ಹವಳಕ್ಕೆ 8 ಆದರೂ ನಡೆಯುತ್ತೆ, 9 ಆದರೂ ನಡೆಯುತ್ತೆ, ದಿನಾ ಏರಿಳಿದರೆ ಮಾತ್ರ ತಡೆಯೋದಿಲ್ಲ. ಉಪ್ಪಿನಂಶ ಅಳೆಯೋ ರಿಫ್ರ್ಯಾಕ್ಟೊಮೀಟರನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು, 35 ಪಿಪಿಟಿ ದ್ರಾವಣದಲ್ಲಿ ಪರೀಕ್ಷಿಸಬೇಕು. ನೀರು ತಳ್ಳೋ ಪವರ್‌ಹೆಡ್ ಪಂಪಿನ ಮ್ಯಾಗ್ನೆಟ್‌ಗಳನ್ನು ಹೊರಗೆ ತೆಗೆದು ತಿರುಗಿಸಿ ನೋಡಿ. ಪ್ಲಾಸ್ಟಿಕ್ ಬಿರುಕು ಬಿಟ್ಟು ತುಕ್ಕು ಇಳಿಯುತ್ತಿದ್ದರೆ ನಾವು ಮಾಮೂಲಿ ಬಳಸೋ ಮನೆ ಟೆಸ್ಟ್ ಕಿಟ್‌ಗಳಲ್ಲಿ ಕಾಣೋದಿಲ್ಲ, ನೀರಿನಲ್ಲಿರೋ ಲೋಹಗಳನ್ನು ಅಳೆಯೋ ಲ್ಯಾಬಿನ ಐಸಿಪಿ ಪರೀಕ್ಷೆಗೇ ಕಳಿಸಬೇಕು.

ನೀರು ಬದಲಾಯಿಸೋ ಮುಂಚೆ, ಕಲಸಿಟ್ಟ ಹೊಸ ಉಪ್ಪುನೀರಿನ ಅಲ್ಕಲಿನಿಟಿಯನ್ನೂ ಅಳೆಯಿರಿ. ಕೆಲವು ರೀಫ್ ಉಪ್ಪುಗಳು 11, 12ಕ್ಕೆ ಹೋಗುತ್ತವೆ.

ನೀಲಿತೊಟ್ಟಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲಾ ನೋಡಿದೆ. ಹುಳ ಇಲ್ಲ, ಕಚ್ಚಿದ ಗುರುತೂ ಇಲ್ಲ, ಮೊಟ್ಟೆಯೂ ಇಲ್ಲ. ಮ್ಯಾಗ್ನೆಟ್‌ಗಳು ಸರಿಯಾಗಿವೆ, ರಿಫ್ರ್ಯಾಕ್ಟೊಮೀಟರ್ ಕೂಡ. ಲೆದರ್ ಅಂಗೈಯಷ್ಟಿದೆ, ಕಾರ್ಬನ್ ಬದಲಾಯಿಸಿದೆ. ಡೋಸರ್ ಬೆಳಿಗ್ಗೆ ಒಂದೇ ಸಲ ಪೂರ್ತಿ ಹಾಕುತ್ತದೆ. ಡೋಸ್‌ಗೆ ಮುಂಚೆ 9.6, ಎರಡು ಗಂಟೆ ಬಿಟ್ಟು 10.9. ಹೊಸ ಉಪ್ಪುನೀರು 11.5 ಇದೆ. ವಿಚಿತ್ರ ಅಂದರೆ, ಜಿಎಫ್‌ಒ ಹಾಕೋ ಮುಂಚಿನ ನನ್ನ ನೋಟ್ಸ್‌ನಲ್ಲಿ 8.4 ಅಂತಿದೆ. ಡೋಸ್ ಆಗಲೂ ಇಷ್ಟೇ, ಈಗಲೂ ಇಷ್ಟೇ!

ಹವಳದಂಡೆ:
ಹಾಗಾದರೆ ಕಥೆ ಪೂರ್ತಿ ಸಿಕ್ಕಿತು ಅನ್ನಿಸುತ್ತದೆ. ಆರೋಗ್ಯವಾಗಿದ್ದಾಗ ಹವಳಗಳು ಆ ಡೋಸನ್ನೆಲ್ಲಾ ಕಲ್ಲು ಕಟ್ಟೋಕೆ ಬಳಸುತ್ತಿದ್ದವು. ಊಟ ಇಲ್ಲದೆ ಬೆಳವಣಿಗೆ ನಿಧಾನವಾಯಿತು. ಡೋಸರ್‌ಗೆ ಅದು ಗೊತ್ತಾಗೋದಿಲ್ಲ ನೋಡಿ, ಅಷ್ಟನ್ನೇ ಹಾಕುತ್ತಾ ಹೋಯಿತು. ಬಳಸದೆ ಉಳಿದದ್ದು ದಿನಾ ಸೇರುತ್ತಾ 8.4ರಿಂದ ಇಲ್ಲಿಗೆ ಬಂತು, ಏರಿದ ಹಾಗೆ ತುದಿ ಸುಟ್ಟಿತು, ಸುಟ್ಟ ಮೇಲೆ ಬಳಕೆ ಇನ್ನೂ ಕಮ್ಮಿಯಾಯಿತು.

ಕ್ಯಾಲ್ಸಿಯಂ 430 ಸರಿಯಾಗೇ ಕಂಡಿದ್ದಕ್ಕೂ ಕಾರಣ ಇದೆ. ಹವಳ 2.8 ಡಿಕೆಎಚ್ ಅಲ್ಕಲಿನಿಟಿ ಬಳಸೋ ಹೊತ್ತಿಗೆ ಕ್ಯಾಲ್ಸಿಯಂ ಇಳಿಯೋದು ಬರೀ 20 ಪಿಪಿಎಂ. 430ರಲ್ಲಿ ಅಷ್ಟು ಹೆಚ್ಚುಕಮ್ಮಿ ಟೆಸ್ಟ್ ಕಿಟ್‌ಗೇ ಸರಿಯಾಗಿ ಸಿಗೋದಿಲ್ಲ. ಬೆಳವಣಿಗೆ ನಿಧಾನವಾಗಿದೆ ಅಂತ ಮೊದಲು ಹೇಳೋದು ಅಲ್ಕಲಿನಿಟಿಯೇ.

ಅಲ್ಕಲಿನಿಟಿ ಡೋಸ್ ನಿಲ್ಲಿಸಿ. ತಾನಾಗಿಯೇ ಇಳಿಯಲಿ, ಆಸಿಡ್ ಹಾಕಿ ಇಳಿಸೋ ಗೋಜಿಗೆ ಹೋಗಬೇಡಿ. ದಿನಾ ಒಂದೇ ಹೊತ್ತಿಗೆ ಅಳೆಯಿರಿ. 8.5 ಹತ್ತಿರ ಬಂದ ಮೇಲೆ, ದಿನಕ್ಕೆ ಎಷ್ಟು ಇಳಿಯುತ್ತಿದೆಯೋ ಅಷ್ಟನ್ನೇ ಹಾಕಿ, ಅದೂ 24 ಭಾಗ ಮಾಡಿ ಗಂಟೆಗೊಂದು. ಅಂದಾಜಿಗೆ ಹೇಳೋದಾದರೆ, 300 ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಿಸೋಕೆ ಸುಮಾರು 9 ಗ್ರಾಂ ಅಡುಗೆ ಸೋಡಾ ಸಾಕು. ಕಲ್ಲು, ಮರಳು ಬಿಟ್ಟರೆ ನಿಮ್ಮಲ್ಲಿ ನೀರು ಇನ್ನೂ ಕಮ್ಮಿ ಇರುತ್ತದೆ, ಅದನ್ನೂ ಲೆಕ್ಕ ಹಿಡಿಯಿರಿ. ಈ ಉಪ್ಪಿನಲ್ಲಿ ಅರ್ಧ ನೀರು ಬದಲಾವಣೆ ಖಂಡಿತ ಬೇಡ.

ನೀಲಿತೊಟ್ಟಿ:
ಡೋಸರ್ ಆಫ್ ಮಾಡಿದೆ, ಜಿಎಫ್‌ಒ ತೆಗೆದೆ. ಬುಡ ಸುಲಿಯುತ್ತಿರೋ ಆ ಒಂದನ್ನು ಏನು ಮಾಡಲಿ? ಕತ್ತರಿಸೋದಕ್ಕೆ ಮನಸ್ಸೇ ಬರುತ್ತಿಲ್ಲ.

ರಾತ್ರಿಟಾರ್ಚ್:
ಬಿಳಿ ಮತ್ತು ಚರ್ಮ ಸೇರೋ ಗೆರೆಯ ಫೋಟೊ ಇವತ್ತು ಒಂದು, ನಾಳೆ ಅದೇ ಕೋನದಲ್ಲಿ ಇನ್ನೊಂದು ತೆಗೆಯಿರಿ. ಗೆರೆ ಅಲ್ಲೇ ಇದ್ದು, ಬೋಳು ಭಾಗಕ್ಕೆ ಹಸಿರು ಪಾಚಿ ಹತ್ತುತ್ತಿದ್ದರೆ ಮುಟ್ಟಬೇಡಿ, ನಿಂತಿದೆ ಅಂತ ಅರ್ಥ. ಗೆರೆ ಮೇಲೆ ಹತ್ತುತ್ತಿದ್ದರೆ, ಬೋಳು ಭಾಗ ಹಾಲಿನಷ್ಟು ಬೆಳ್ಳಗಿದ್ದರೆ, ಕಾಯಬೇಡಿ. ಚರ್ಮ ಚೆನ್ನಾಗಿರೋ ಕಡೆ, ಗೆರೆಯಿಂದ ಒಂದು ಸೆಂಟಿಮೀಟರ್ ಮೇಲಕ್ಕೆ ಕತ್ತರಿಸಿ, ಜೆಲ್ ಗ್ಲೂ ಹಚ್ಚಿ ಪ್ಲಗ್ (ಹವಳದ ತುಂಡು ಅಂಟಿಸೋ ಸಣ್ಣ ಬಿಲ್ಲೆ) ಮೇಲೆ ನಿಲ್ಲಿಸಿ. ಒಂದೇ ತುಂಡು ಬೇಡ, ಎರಡು ಮೂರು ಮಾಡಿ ಬೇರೆ ಬೇರೆ ಜಾಗದಲ್ಲಿಡಿ. ಸದ್ಯಕ್ಕೆ ಈಗಿನ ಜಾಗಕ್ಕಿಂತ ಸ್ವಲ್ಪ ಕೆಳಗೆ, ಲೈಟ್ ಕಮ್ಮಿ ಬೀಳೋ ಹಾಗೆ, ನೀರಿನ ಓಟ ಚೆನ್ನಾಗಿರೋ ಕಡೆ.

ಉಪ್ಪುನೀರು:
ಫಾಸ್ಫೇಟ್ ಅಳೆಯೋಕೆ ರಂಜಕವನ್ನು ಪಿಪಿಬಿಯಲ್ಲಿ (ನೂರು ಕೋಟಿಗೆ ಎಷ್ಟು ಭಾಗ ಅಂತ) ತೋರಿಸೋ ಡಿಜಿಟಲ್ ಚೆಕರ್ ತಗೊಂಡರೆ ಒಳ್ಳೆಯದು, ಬಣ್ಣದ ಕಾರ್ಡಿನಲ್ಲಿ 0ಕ್ಕೂ 0.03ಕ್ಕೂ ವ್ಯತ್ಯಾಸ ಕಾಣೋದು ಕಷ್ಟ. ಅದು ತೋರಿಸಿದ ಅಂಕಿಯನ್ನು 3.066ರಿಂದ ಗುಣಿಸಿ, 1000ದಿಂದ ಭಾಗಿಸಿ. 10 ಬಂದರೆ ಫಾಸ್ಫೇಟ್ 0.03 ಪಿಪಿಎಂ ಅಂತ. ಟಾರ್ಚ್ ಅಕ್ರೊಪೋರಾಗಿಂತ ಮೊದಲೇ ಸುಧಾರಿಸುತ್ತದೆ, ಅದನ್ನು ನೋಡುತ್ತಿರಿ. ಅಲ್ಕಲಿನಿಟಿ 9ಕ್ಕೆ ಇಳಿದ ದಿನ ಬಂದು ಹೇಳಿ, ಹೊಸ ಡೋಸ್ ಎಷ್ಟು ಅಂತ ಒಟ್ಟಿಗೆ ಲೆಕ್ಕ ಹಾಕೋಣ.